ವಳಸಂಗದ ದಾರಿಯ ಸಪ್ಪಳ

ಪೇಟಿ ಕಾಕಾ ತೀರಿಹೋಗಿ ಹದಿನೈದು ದಿವಸ ಆದ ಮೇಲೆ ನನಗೆ ಸುದ್ದಿ ಗೊತ್ತಾಯಿತು. ಅಕ್ಕಲಕೋಟೆಯಿಂದ ಚಾದರ ಒಯ್ಯಲು ಬಂದಿದ್ದ ಗಿರಾಕಿಯೊಬ್ಬ ಗಂಟು ಕಟ್ಟಿಸುತ್ತಾ, "ನಮ್ಮ ಓಣ್ಯಾಗಿನ ಆ ಕಿವುಡ ಅಜ್ಜ ಹೋದ ನೋಡ್ರಿ. ಇಲ್ಲೇ ಸೋಲಾಪುರದಾಗ ಪೇಟಿ ರಿಪೇರಿ ಮಾಡ್ತಿದ್ದನಂತ" ಎಂದ. ಆತ ಇನ್ನೂ ಏನೇನೋ ಹೇಳುತ್ತಿದ್ದ. ನಾನು ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಗಂಟುಗಳ ನಡುವೆ ಕೂತೆ.

ಅಳು ಬರಲಿಲ್ಲ. ಬಂದದ್ದು ಒಂದು ತರಹದ ನಿರಾಳ. ಇನ್ನು ಮೇಲೆ ಅವರ ಮುಂದೆ ಹೋಗಿ ನಿಲ್ಲುವ ಪ್ರಸಂಗ ಬರುವುದಿಲ್ಲ ಎನ್ನುವ ನಿರಾಳ. ಅದು ಬಂತಲ್ಲ ಎನ್ನುವ ನಾಚಿಕೆಗೆ ಇದನ್ನು ಬರೆಯುತ್ತಿದ್ದೇನೆ. ನಾನು ಕಲಿತದ್ದು ಮರಾಠಿ ಸಾಲೆಯಲ್ಲಿ. ಕನ್ನಡ ನಮ್ಮ ಅವ್ವ ಕಲಿಸಿದ್ದು. ತಪ್ಪುಗಳಿದ್ದರೆ ಇರಲಿ. ಇದಕ್ಕಿಂತ ದೊಡ್ಡ ತಪ್ಪಿನ ಮಾತು ಮುಂದೆ ಇದೆ.

ಹೆಸರು ಹಿಡಿದು ಅವರನ್ನು ಕರೆದವರನ್ನು ನಾನು ಕಂಡಿಲ್ಲ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅನ್ನುತ್ತಾರೆ. ಅದನ್ನು ದುರಸ್ತಿ ಮಾಡಿ ಸ್ವರ ಕೂಡಿಸುವವರಾದ್ದರಿಂದ ಅವರು ಊರಿಗೆಲ್ಲ ಪೇಟಿ ಕಾಕಾ. ಟಿಳಕ ಚೌಕದ ಹಿಂದಿನ ಸಂದಿಯಲ್ಲಿ ಅವರದೊಂದು ಸಣ್ಣ ಅಂಗಡಿ. ಒಳಗೆ ಕಾಲಿಟ್ಟರೆ ಅರಗು, ಚರ್ಮ, ಹಳೆಯ ಸಾಗವಾನಿಯ ವಾಸನೆ. ಕಾಕಾ ನೆಲದ ಮೇಲೆ ಕೂತು ಬೆರಳಗಲದ ಹಿತ್ತಾಳೆಯ ಸ್ವರಪಟ್ಟಿಯನ್ನು ಅರದಿಂದ ಒಂದೇ ಒಂದು ಸಲ ಕೆರೆದು, ಊದಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಮತ್ತೊಂದು ಸಲ ಕೆರೆಯಬೇಕೋ ಬೇಡವೋ ಎಂದು ಐದು ನಿಮಿಷ ವಿಚಾರ ಮಾಡುತ್ತಿದ್ದರು. ಗಿರಾಕಿ ಅವಸರ ಮಾಡಿದರೆ, "ಕೆರದದ್ದು ಹೊಳ್ಳಿ ಹಚ್ಚಾಕ ಬರಂಗಿಲ್ರಿ" ಅಂತಷ್ಟೇ ಹೇಳುತ್ತಿದ್ದರು.

ಆ ಅಂಗಡಿಯ ಮುಂದೆ ಬೇವಿನ ನೆರಳಲ್ಲಿ ನಿಂತಿರುತ್ತಿತ್ತು ಅವರ ಗಾಡಿ. ಎರಡನೆಯ ಮಹಾಯುದ್ಧದ ಕಾಲದ ಮಿಲಿಟರಿ ಮೋಟರ್ ಸೈಕಲ್. ಪುಣೆಯ ಲಷ್ಕರಿನ ಹರಾಜಿನಲ್ಲಿ ಕೈಬದಲಾಗುತ್ತಾ ಬಂದು ಅವರಿಗೆ ಸಿಕ್ಕದ್ದು. ಮೇಲೆ ಕರಿ ಬಣ್ಣ ಬಳಿದಿದ್ದರೂ ಟ್ಯಾಂಕಿನ ಅಂಚಿನಲ್ಲಿ ಎಲ್ಲಿ ಉಜ್ಜಿದರೂ ಒಳಗಿನಿಂದ ಫೌಜಿನ ಹಸಿರು ಇಣುಕುತ್ತಿತ್ತು. ಅವರು ಅದನ್ನು ಓಡಿಸುತ್ತಿದ್ದ ರೀತಿಯೂ ನೋಡುವಂಥದು. ಬಿಳಿ ಧೋತರ ಮೇಲಕ್ಕೆ ಕಟ್ಟಿ ಮೀನಖಂಡಕ್ಕೆ ಸೈಕಲ್ ಕ್ಲಿಪ್ ಹಾಕಿ, ಹಿಂದಿನ ಕ್ಯಾರಿಯರಿಗೆ ಪೇಟಿಯನ್ನು ರಜಾಯಿಯಲ್ಲಿ ಸುತ್ತಿ ಬಿಗಿದು ಹೊರಟರೆಂದರೆ ನಂದೇಶ್ವರ, ಸಲಗರ, ಕರಜಗಿಯವರೆಗೆ ತಿರುಗಾಟ. ಹಳ್ಳಿ ಹಳ್ಳಿಯ ಭಜನಿ ಮಂಡಳಿಗಳ ಪೇಟಿಗಳೆಲ್ಲ ಅವರ ಕೈಯಲ್ಲೇ. ಗಾಡಿಯ ಸದ್ದು ಹಳ್ಳದ ಆಚೆ ಕೇಳಿತೆಂದರೆ ಸಾಕು, ಊರವರು ಪೇಟಿ ತಂದು ಕಟ್ಟೆಯ ಮೇಲೆ ಇಡುತ್ತಿದ್ದರಂತೆ.

ಐದೈದು ಮೈಲಿಗೊಮ್ಮೆ ಅವರು ನಿಲ್ಲಿಸುತ್ತಿದ್ದರು. ಎಣ್ಣೆ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕುತ್ತಿದ್ದರು. ಇಂಜಿನ್ನಿನೊಳಗೆ ತಿರುಗಾಡಿ ಬಂದ ಎಣ್ಣೆ ಅಲ್ಲಿ ತೊಟ್ಟು ತೊಟ್ಟಾಗಿ ಬೀಳುವುದು ಕಾಣಬೇಕು. ಕಂಡರೆ ಮುಚ್ಚಳ ಹಾಕಿ, "ನಡೀರಿ ಬಾಯಿಸಾಹೇಬ" ಎಂದು ಗಾಡಿಗೆ ಹೇಳಿ ಮತ್ತೆ ಏರುತ್ತಿದ್ದರು.

ನಾನು ಅವರ ಕೈಗೆ ಸಿಕ್ಕದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಎಪ್ಪತ್ತರ ದಶಕ ಆಗ ಶುರುವಾಗಿತ್ತು. ನಮ್ಮ ಮನೆಯವರದು ಚಾದರದ ವ್ಯಾಪಾರ. ಗಾದಿಯ ಮೇಲೆ ಕೂಡುವವನಿಗೆ ಮೋಟರ್ ಸೈಕಲ್ ಯಾಕೆ ಎನ್ನುವ ಮನೆ. ನಾನು ಹಟ ಹಿಡಿದು ಒಂದು ಹಳೆಯ ಗಾಡಿ ತಂದೆ. ಅದು ನಮ್ಮ ಮನೆಯ ಮುಂದೆ ಒಂದು ತಿಂಗಳು ಶುರುವಾಗದೆ ನಿಂತಿತು. ಅಪ್ಪ ಅದರ ಮೇಲೆ ಟಾವೆಲ್ ಒಣಹಾಕತೊಡಗಿದಾಗ ಅವಮಾನ ತಡೆಯದೆ ನೂಕಿಕೊಂಡು ಬಾಳಿವೇಸಿನ ಕಟ್ಟಿಗೆ ವಖಾರಿಗೆ ಹೋದೆ. ಅಲ್ಲಿ ಹಳೆಯ ಗಾಡಿಗಳ ಹುಚ್ಚು ಹತ್ತಿದವರು ಪ್ರತಿ ರವಿವಾರ ಬೆಳಿಗ್ಗೆ ಸೇರುತ್ತಾರೆಂದು ಕೇಳಿದ್ದೆ. ಖಾಯಂ ಬರುವವರು ಮೂವರು. ಒಬ್ಬರು ವಕೀಲ ಸಾಹೇಬರು, ಸಂಗೀತದ ಶೋಕಿ ಇದ್ದವರು, ಎರಡು ಸಿಲಿಂಡರಿನ ದೊಡ್ಡ ವಿಲಾಯಿತಿ ಗಾಡಿಯ ಮಾಲಕರು. ಇನ್ನೊಬ್ಬ ಲೇಥ್ ಮಶೀನಿನ ಅಬ್ದುಲ್. ಮಾತು ಕಡಿಮೆ, ಕೈ ಚೊಕ್ಕ. ಮೂರನೆಯವರೇ ಕಾಕಾ.

ಕಾಕಾ ನನ್ನ ಗಾಡಿಯನ್ನು ಮುಟ್ಟಲಿಲ್ಲ. ನನ್ನನ್ನು ಒಂದು ಬೊಡ್ಡೆಯ ಮೇಲೆ ಕೂಡಿಸಿ, "ಕಣ್ಣ ಮುಚ್ಚು" ಅಂದರು. ಒಂದೊಂದೇ ಗಾಡಿ ಚಾಲೂ ಮಾಡಿ, "ಇದು ಯಾರದು? ಇದರ ಹೊಟ್ಟ್ಯಾಗ ಏನಾಗ್ಯಾದ?" ಎಂದು ಕೇಳಿದರು. ನನಗೆ ಒಂದೂ ಹೇಳಲು ಬರಲಿಲ್ಲ. ಹಾಗೆ ಮೂರು ರವಿವಾರ. ನಾಲ್ಕನೆಯ ರವಿವಾರ ನಾನು, "ವಕೀಲರ ಗಾಡಿ, ಎಡಗಡೆ ಸಿಲಿಂಡರ್ ಕೆಮ್ಮಾಕತ್ತದ" ಎಂದಾಗ ಅವರು ನನ್ನ ಬೆನ್ನ ಮೇಲೆ ಒಂದು ಗುದ್ದು ಹಾಕಿ, "ಅಬ್ದುಲ್, ಇವನ ಕೈಯಾಗ ನಟ್ ಬಿಚ್ಚೂ ಪಾನಾ ಕೊಡಪಾ ಇನ್ನ" ಅಂದರು. ಆ ಗುದ್ದಿನಷ್ಟು ಹೆಮ್ಮೆ ನನಗೆ ಮುಂದೆ ಬೇರೆ ಯಾವುದರಿಂದಲೂ ಆಗಿಲ್ಲ.

ಅವರು ಇಂಜಿನ್ನಿನ ಮಾತನ್ನೂ ಪೇಟಿಯ ಭಾಷೆಯಲ್ಲೇ ಆಡುತ್ತಿದ್ದರು. ಪೇಟಿಯ ಬಿಳಿ ಮನೆ ಪಾಂಢರಿ, ಕರಿ ಮನೆ ಕಾಳಿ; ಚಾರ, ದೋನ ಎಂದರೆ ನಾಲ್ಕನೆಯದು, ಎರಡನೆಯದು. "ನಿಂದು ಪಾಂಢರಿ ಚಾರದಾಗ ಅಳಾಕತ್ತದ. ಕಾಳಿ ದೋನಕ್ಕ ಇಳಸು. ಆಗ ನೋಡು, ಹೆಂಗ ಕೂತು ಉಣ್ತದ" ಎನ್ನುತ್ತಿದ್ದರು. ಕಾರ್ಬ್ಯುರೇಟರಿನ ತಿರುಪು ಕಾಲು ಸುತ್ತು ತಿರುಗಿಸಿದರೆ ನಿಜಕ್ಕೂ ಗಾಡಿ ಕೂತು ಉಣ್ಣುತ್ತಿತ್ತು. ಕೆಲಸ ಮುಗಿದ ಮೇಲೆ ಘಾಸಲೇಟ್ ಎಣ್ಣೆಯಿಂದ ಕೈ ತೊಳೆದು, ಮೇಲೆ ಸೀಗೆಪುಡಿ ಹಾಕಿ ಮತ್ತೆ ತೊಳೆದು, ಉಗುರಿನ ಸಂದಿಯನ್ನು ಕಡ್ಡಿಯಿಂದ ತೆಗೆದು, ಮೂಸಿ ನೋಡಿ ಆಮೇಲೆಯೇ ಅಂಗಡಿ ತೆರೆಯುತ್ತಿದ್ದರು. ಗ್ರೀಸಿನ ವಾಸನೆ ಬಂದರೆ ಪೇಟಿ ಸಿಟ್ಟಾಗ್ತದ ಎಂದು ನಗುತ್ತಿದ್ದರು.

ಅಬ್ದುಲ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿ ಒಳಗಿನ ಸಪ್ಪಳ ಕೇಳುತ್ತಿದ್ದ. ಕಾಕಾಗೆ ಮೊದಲು ಅದೂ ಬೇಕಾಗಿರಲಿಲ್ಲ. ಮೂರು ಹೆಜ್ಜೆ ದೂರ ನಿಂತು ಹೇಳುತ್ತಿದ್ದರು. ನಾನು ಸೇರಿದ ಮೂರನೆಯ ವರ್ಷಕ್ಕೆ ಅವರೂ ಸ್ಕ್ರೂಡ್ರೈವರ್ ಹಿಡಿಯತೊಡಗಿದರು. ಕಿವಿಗಲ್ಲ, ಹಲ್ಲಿಗೆ. ಹಿಡಿಕೆಯನ್ನು ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. "ಹಿಂಗ ಛಂದ ತಿಳೀತದ" ಎನ್ನುತ್ತಿದ್ದರು. ನಾವು ಇದು ಕಾಕಾನ ಹೊಸ ಯುಕ್ತಿ ಎಂದುಕೊಂಡೆವು. ನಾನೂ ಕಚ್ಚಿ ನೋಡಿದೆ. ಹಲ್ಲು ಜುಮ್ಮೆಂದದ್ದು ಬಿಟ್ಟರೆ ನನಗೇನೂ ಹೆಚ್ಚು ತಿಳಿಯಲಿಲ್ಲ.

ಒಂದು ರವಿವಾರ ವಕೀಲರ ಗಾಡಿ ಕಟಕಟ ಅನ್ನುತ್ತಿತ್ತು. ಕಾಕಾ ಕಚ್ಚಿ ಕೇಳಿ, "ವಾಲ್ವ್" ಅಂದರು. ನನಗೆ ಅದು ಚೈನಿನ ಸಪ್ಪಳವೆಂದು ಸ್ಪಷ್ಟ ಕೇಳುತ್ತಿತ್ತು. ಅಬ್ದುಲ್‌ಗೂ. ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಕಾಕಾ ವಾಲ್ವ್ ಬಿಚ್ಚಿ, ಸರಿಪಡಿಸಿ, ಸಮಾಧಾನದಿಂದ ಮನೆಗೆ ಹೋದರು. ಅವರು ಹೋದ ಮೇಲೆ ಅಬ್ದುಲ್ ಚೈನ್ ಬಿಗಿದ. ಸಪ್ಪಳ ನಿಂತಿತು.

ವಕೀಲರು ಸಿಗರೇಟ್ ಹಚ್ಚಿ, "ಕಾಕಾಗ ಹೇಳೂದು ಬ್ಯಾಡ್ರೆಪಾ. ಆ ಮನಷ್ಯಾನ ಹಂತ್ಯಾಕ ಇರೂದು ಅದೊಂದಽ ಕಿವಿ" ಅಂದರು.

ಅಬ್ದುಲ್ ಕೈ ಒರೆಸಿಕೊಳ್ಳತೊಡಗಿದ. ನಾನು ಹೂಂ ಎಂದೆ. ಅವತ್ತಿನಿಂದ ಅದೊಂದು ರೂಢಿಯಾಯಿತು. ಅವರು ಹೇಳಿದ್ದಕ್ಕೆ "ಬರೋಬರಿ ಕಾಕಾ" ಅನ್ನುವುದು, ಅವರು ಹೋದ ಮೇಲೆ ತಿದ್ದುವುದು. ಅದನ್ನು ನಾವು ಪ್ರೀತಿ ಎಂದೇ ತಿಳಿದಿದ್ದೆವು. ವಕೀಲರ ಮಟ್ಟಿಗೆ ಅದು ಪ್ರೀತಿಯೇ ಇರಬಹುದು.

ನನ್ನ ಮಾತು ಬೇರೆ. ನನಗೆ ಕಾಕಾನ ಗಾಡಿ ಓಡಿಸಬೇಕಿತ್ತು. ಅದನ್ನು ಅವರು ಯಾರ ಕೈಗೂ ಕೊಟ್ಟವರಲ್ಲ. ವಕೀಲರು ಕೇಳಿದರೂ ನಕ್ಕು ಬಿಟ್ಟಿದ್ದರು. ನಾನು ಮೂರು ವರ್ಷ ಅವರ ಪಾನಾ ಒರೆಸಿದವ. ಒಂದು ದಿನ ಅವರೇ, "ಮುಂದಿನ ರವಿವಾರ ಅಕ್ಕಲಕೋಟಕ್ಕ ಹೋಗೂಣು. ನಮ್ಮ ಮಾಮಂದಿರ ಮನ್ಯಾಗ ಊಟ. ಹೋಗೂಮುಂದ ನೀ ಹೊಡಿ, ನಾ ಹಿಂದ ಕೂಡ್ತೀನಿ" ಅಂದರು. ಆ ವಾರ ನಾನು ಗಿರಾಕಿಗಳಿಗೆ ಚಾದರದ ಅಳತೆ ತಪ್ಪು ತಪ್ಪು ಹೇಳಿದೆ.

ದೀಪಾವಳಿಯ ಹಿಂದು ಮುಂದಿನ ದಿನಗಳು. ಬೆಳಗಿನ ಗಾಳಿ ತಣ್ಣಗಿತ್ತು. ವಕೀಲರೂ ಅಬ್ದುಲ್‌ನೂ ಒಂದೇ ಗಾಡಿಯ ಮೇಲೆ ಮುಂದೆ ಹೋದರು. ಕಾಕಾ ಇಗ್ನಿಷನ್ನಿನ ಸಣ್ಣ ಲಿವರನ್ನು ಎಷ್ಟು ಹಿಂದೆ ಎಳೆಯಬೇಕು, ಕಿಕ್ ಹೊಡೆಯುವಾಗ ಎಲ್ಲಿ ತಡೆಯಬೇಕು ಎಲ್ಲ ಹೇಳಿಕೊಟ್ಟರು. ಮೊದಲ ಕಿಕ್ಕಿಗೇ ಚಾಲೂ ಆಯಿತು. ಕಾಕಾ ಧೋತರ ಕಟ್ಟಿ ಹಿಂದೆ ಕೂತರು. ಕುಂಭಾರಿಯಲ್ಲಿ ನಿಲ್ಲಿಸಿ ಎಣ್ಣೆ ನೋಡಿದೆವು, ತೊಟ್ಟು ಬೀಳುತ್ತಿತ್ತು. ಅಲ್ಲಿಂದ ಮುಂದೆ ರಸ್ತೆ ನೆಟ್ಟಗೆ. ಎರಡೂ ಕಡೆ ಆಳೆತ್ತರದ ಜೋಳ. ಆ ಗಾಡಿ ಓಡುತ್ತಿರಲಿಲ್ಲ, ನೆಲವನ್ನು ಹಿಡಿದು ಹಿಂದಕ್ಕೆ ತಳ್ಳುತ್ತಿತ್ತು. ಬಂಡಿಯವರು ಎತ್ತುಗಳನ್ನು ಪಕ್ಕಕ್ಕೆ ಹಿಡಿದು ನಮ್ಮನ್ನು ನೋಡುತ್ತಿದ್ದರು. ಕಾಕಾ ಹಿಂದಿನಿಂದ, "ಶಾಭಾಸ್! ಹಂಗಽ ಹಿಡಿ!" ಎನ್ನುತ್ತಿದ್ದರು. ವಳಸಂಗದಲ್ಲಿ ಎಣ್ಣೆ ನೋಡಲು ನಿಲ್ಲಿಸಬೇಕಾಗಿತ್ತು. ಊರೊಳಗೆ ಜನ ನೋಡುತ್ತಿದ್ದರು; ನಾನು ನಿಲ್ಲಿಸದೆ ದಾಟಿಸಿದೆ. ಕಾಕಾ ಹಿಂದಿನಿಂದ ಇನ್ನೂ ಶಾಭಾಸ್ ಎನ್ನುತ್ತಲೇ ಇದ್ದರು.

ವಳಸಂಗ ದಾಟಿ ಒಂದು ಮೈಲು ಆಗಿತ್ತು. ಏರು ಬಂತು. ಆಗ ಕೇಳಿತು.

ಮೊದಲು ಕಾಲಿನ ಹತ್ತಿರ ಯಾರೋ ಬೆರಳಿನ ಗೆಣ್ಣಿನಿಂದ ಬಾಗಿಲು ಬಡಿದ ಹಾಗೆ. ಟಕ್, ಟಕ್, ಟಕ್. ಏರಿನಲ್ಲಿ ಜೋರಾಗುತ್ತದೆ, ಇಳಿವಿನಲ್ಲಿ ಸಣ್ಣಗಾಗುತ್ತದೆ. ಇಂಜಿನ್ನಿನ ತಳದಲ್ಲಿ, ಕನೆಕ್ಟಿಂಗ್ ರಾಡಿನ ಬುಡದಲ್ಲಿ ಎಣ್ಣೆ ಸಿಗದೆ ಬೇರಿಂಗ್ ಸವೆಯುವಾಗ ಬರುವ ಸಪ್ಪಳ. ಅದನ್ನು ನನಗೆ ಗುರುತು ಹಿಡಿಯಲು ಕಲಿಸಿದವರು ನನ್ನ ಹಿಂದೆ ಕೂತಿದ್ದರು. "ಈ ಸಪ್ಪಳ ಬಂತಂದ್ರ ಅಲ್ಲೇ ನಿಂದರಸಬೇಕು. ಹತ್ತ ಹೆಜ್ಜಿ ಮುಂದ ಒಯ್ಯಬಾರದು" ಎಂದು ಎಷ್ಟು ಸಲ ಹೇಳಿದ್ದರು!

ಅವರು ನನ್ನ ಭುಜ ತಟ್ಟಿದರು. ಬಾಯಿ ನನ್ನ ಕಿವಿಯ ಹತ್ತಿರ ತಂದು, "ಕಾಲಿಡೂ ಪಾವಟಿಗಿ ಒಂದೀಟು ನಡಗಿದಂಗ ಆಗಾಕತ್ತದ. ನನಗ ಈ ಗಾಳ್ಯಾಗ ತಿಳೀವಲ್ದು. ಏನರೆ ಕೇಳಸ್ತದೇನು ನೋಡು? ಕೇಳಿದ್ರ ಹೇಳು, ನಿಂದರಸೂಣು" ಅಂದರು.

ಆ ಕ್ಷಣ ನಾನು ವಿಚಾರ ಮಾಡಿದ್ದು ಏನೆಂದು ನನಗೆ ಚೆನ್ನಾಗಿ ನೆನಪಿದೆ. ನಿಲ್ಲಿಸಿದರೆ ಮುಗಿಯಿತು. ಗಾಡಿ ಲಾರಿಯಲ್ಲಿ ಹೊಳ್ಳಿ ಹೋಗುತ್ತದೆ. ಇನ್ನು ಹನ್ನೆರಡು ಮೈಲು ಉಳಿದಿದೆ, ಅಕ್ಕಲಕೋಟೆಯ ಬಜಾರದಲ್ಲಿ ಈ ಗಾಡಿಯ ಮೇಲೆ ನಾನು ಇಳಿಯುವುದನ್ನು ವಕೀಲರೂ ಅಬ್ದುಲ್‌ನೂ ನೋಡಬೇಕು. ಇಷ್ಟೇ. ಅವರ ಮನಸ್ಸಿಗೆ ನೋವಾಗಬಾರದು ಅಂತಲ್ಲ. ಅದನ್ನು ನಾನು ಆಮೇಲೆ ನನಗೆ ನಾನೇ ಹೇಳಿಕೊಂಡದ್ದು.

"ಏನಿಲ್ಲ ಕಾಕಾ. ಛಲೋ ನಡದದ" ಎಂದೆ. ಎಂದು, ಸಪ್ಪಳ ಗಾಳಿಯಲ್ಲಿ ಮುಳುಗಲಿ ಎಂದು ಇನ್ನಷ್ಟು ಜೋರು ಮಾಡಿದೆ.

ಎರಡು ಮೈಲು ಹೋಗಿರಬೇಕು. ಕೊಡ ಒಡೆದಂತೆ ಒಂದು ಶಬ್ದವಾಯಿತು, ಹಿಂದಿನ ಗಾಲಿ ಕಟ್ಟಿಹಾಕಿದಂತೆ ನಿಂತುಬಿಟ್ಟಿತು. ಗಾಡಿ ಅಡ್ಡ ಜಾರುತ್ತಾ ಹೋಗಿ ನಮ್ಮಿಬ್ಬರನ್ನೂ ಜೋಳದ ಬದುವಿನ ಮೇಲೆ ಚೆಲ್ಲಿತು. ನನಗೆ ಮೊಣಕಾಲು ತರಚಿತ್ತು. ಕಾಕಾನ ಮೊಣಕೈಯಿಂದ ರಕ್ತ ಇಳಿದು ಬಿಳಿ ಅಂಗಿ ಅಂಟಿಕೊಂಡಿತ್ತು. ಅವರು ಅದನ್ನು ನೋಡಿಕೊಳ್ಳಲೂ ಇಲ್ಲ. ಎದ್ದು, ಕುಂಟುತ್ತಾ ಗಾಡಿಯ ಹತ್ತಿರ ಹೋಗಿ ಕೂತರು. ಇಂಜಿನ್ನಿನ ಹೊಟ್ಟೆ ಒಡೆದಿತ್ತು. ಮುರಿದ ರಾಡು ಅಲ್ಯೂಮಿನಿಯಂ ಸೀಳಿಕೊಂಡು ಹೊರಗೆ ಬಂದು ಚಾಚಿತ್ತು. ಕರಿ ಎಣ್ಣೆ ಮಣ್ಣಿಗೆ ಇಳಿಯುತ್ತಿತ್ತು. ಅವರು ಆ ತೂತಿನ ಸುತ್ತ ಬೆರಳಾಡಿಸಿದರು. ಸುಡುತ್ತಿತ್ತು, ಆದರೂ ಕೈ ತೆಗೆಯಲಿಲ್ಲ.

ಆಮೇಲೆ ನನ್ನ ಕಡೆ ತಿರುಗಿ, "ನಿನಗ ಖರೇನಽ ಏನೂ ಕೇಳಿರಲಿಲ್ಲೇನು?" ಎಂದು ಕೇಳಿದರು.

ಸಿಟ್ಟಿನಿಂದ ಕೇಳಲಿಲ್ಲ. ಕೇಳಿತ್ತು ಎಂದು ಹೇಳಲಿ ಎಂಬಂತೆ ಕೇಳಿದರೋ, ಕೇಳಿರಲಿಲ್ಲ ಎಂದು ಹೇಳಲಿ ಎಂಬಂತೆ ಕೇಳಿದರೋ ನನಗೆ ಇವತ್ತಿಗೂ ತಿಳಿದಿಲ್ಲ.

"ಇಲ್ಲ ಕಾಕಾ" ಎಂದೆ.

ಅವರ ಮುಖ ಸಡಿಲಾಯಿತು. ಅಷ್ಟು ದೊಡ್ಡ ನಷ್ಟದ ನಡುವೆ ಅವರ ಮುಖದಲ್ಲಿ ಒಂದು ಗೆಲುವು ಬಂತು. "ಹಂಗಾರ ಸಪ್ಪಳನಽ ಇರಲಿಲ್ಲ ಬಿಡು. ನಿಂದು ಎಳೇ ಕಿವಿ. ನಾನೇ ತಯಾರು ಮಾಡಿದ ಕಿವಿ. ನಿನಗ ಕೇಳದ್ದು ನನಗೆಲ್ಲಿಂದ ಕೇಳಬೇಕು? ಒಮ್ಮೆಕ್ಕಲೆ ಮುರದದ" ಅಂದರು. ನನ್ನ ಮೊಣಕಾಲಿನ ಮಣ್ಣನ್ನು ತಮ್ಮ ಧೋತರದ ಚುಂಗಿನಿಂದ ಒರೆಸಿದರು.

ಶೇಂಗಾದ ಚೀಲ ಹೇರಿಕೊಂಡು ಹೊರಟಿದ್ದ ಲಾರಿಯೊಂದರಲ್ಲಿ ಗಾಡಿಯನ್ನು ಸೋಲಾಪುರಕ್ಕೆ ತಂದೆವು. ಅಬ್ದುಲ್ ವಖಾರಿಯಲ್ಲಿ ಇಂಜಿನ್ ಬಿಚ್ಚಿದ. ರಾಡಿನ ಬುಡ ಕಾಯ್ದು ನೀಲಿಗಟ್ಟಿತ್ತು. ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಇದು ಒಮ್ಮೆಕ್ಕಲೆ ಹೋಗಿಲ್ಲ ಕಾಕಾ. ಎರಡು ಮೈಲರೆ ಒದರಿರಬೇಕು" ಅಂದ.

"ಇಲ್ಲಪಾ. ಇವನಽ ಹೊಡ್ಯಾಕತ್ತಿದ್ದ. ಇವಗೂ ಕೇಳಿಲ್ಲ" ಅಂದರು ಕಾಕಾ.

ಅಬ್ದುಲ್ ನನ್ನ ಕಡೆ ನೋಡಿದ. ಆ ರಾಡನ್ನು ಗೋಣಿತಟ್ಟಿನ ಮೇಲೆ ಮೆಲ್ಲಗೆ ಇಟ್ಟ. ಆಮೇಲೆ ಅವನು ನನ್ನ ಜೋಡಿ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಆ ಗಾಡಿಗೆ ಇಂಜಿನ್ನಿನ ಹೊರಗವಚ ಎಲ್ಲಿಯೂ ಸಿಗಲಿಲ್ಲ. ವಕೀಲರು ಪುಣೆ, ಮುಂಬಯಿಗೆ ಕಾಗದ ಬರೆದರು. ಅಬ್ದುಲ್ ಬೆಸುಗೆ ಹಾಕಿ ನೋಡಿದ. ಬಿಸಿಗೆ ಮತ್ತೆ ಬಾಯಿ ಬಿಟ್ಟಿತು. ಕಾಕಾ ಎಸ್.ಟಿ. ಬಸ್ಸಿನಲ್ಲಿ ಪೇಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಳ್ಳಿಗಳಿಗೆ ಹೋಗತೊಡಗಿದರು. ದೂರದ ಹಳ್ಳಿಗಳು ಒಂದೊಂದಾಗಿ ಬಿಟ್ಟುಹೋದವು. ಆದರೂ ರವಿವಾರ ತಪ್ಪದೆ ವಖಾರಿಗೆ ಬಂದು ನಮ್ಮ ಗಾಡಿಗಳಿಗೆ ಹಲ್ಲು ಹಚ್ಚಿ ಕೇಳುತ್ತಿದ್ದರು.

ಒಂದು ದಿನ ಕಾಕು, ಅಂದರೆ ಅವರ ಹೆಂಡತಿ, ನಮ್ಮ ಅಂಗಡಿಗೆ ಬಂದರು. ತೆಳ್ಳಗಿನ, ಚುರುಕಿನ ಹೆಣ್ಣುಮಗಳು. ಚಾದರ ನೋಡುತ್ತಾ ಹಗುರ ಮನಸ್ಸಿನಿಂದ ಹೇಳಿದರು: "ಇವರ ಎಡಗಿವಿ ಆಗಾಗ ಸೋರತದ ನೋಡಪಾ. ಮಾತು ಎರಡೆರಡು ಸಲ ಕೇಳತಾರ. ಮಿರಜಕ ಕಿವಿ ಡಾಕ್ಟರ ಹಂತ್ಯಾಕ ಹೋಗೂಣು ಅಂತ ಎರಡ ವರ್ಷದಿಂದ ಬಡಕೊಂಡು ಈ ಸಲ ಒಪ್ಪಿಸಿದ್ದೆ. ಈಗ ಒಲ್ಲೆ ಅಂತಾರ. ಅವತ್ತ ದಾರ್ಯಾಗ ನಿನಗೂ ಏನೂ ಕೇಳಿಲ್ಲಂತಲ್ಲ. ಆ ಹುಡುಗನ ಕಿವಿಗೂ ನನ್ನ ಕಿವಿಗೂ ಫರಕ ಇಲ್ಲ, ಡಾಕ್ಟರ್ ಯಾಕ ಅಂತಾರ. ಖರೇನೋ?"

ಅಲ್ಲಿ ಹೇಳಬಹುದಾಗಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಗಾಡಿ ಹೋಗಿಯೇ ಹೋಗಿತ್ತು, ಕಿವಿಯಾದರೂ ಉಳಿಯುತ್ತಿತ್ತು.

"ಹೌದ್ರಿ ಕಾಕು" ಎಂದೆ. ಅವರಿಗೆ ಒಂದು ನೀಲಿ ಅಂಚಿನ ಚಾದರ ಬಿಚ್ಚಿ ತೋರಿಸಿದೆ.

ಮುಂದಿನ ವರ್ಷ ವಕೀಲರ ಮನೆಯಲ್ಲಿ ಅವರ ತಂದೆಯ ಎಪ್ಪತ್ತೈದರ ಸಮಾರಂಭ. ಪುಣೆಯಿಂದ ಒಬ್ಬ ಗಾಯಕರನ್ನು ಕರೆಸಿದ್ದರು. ಮನೆಯ ಹಳೆಯ ಪೇಟಿಗೆ ಸ್ವರ ಕೂಡಿಸಲು ಕಾಕಾಗೇ ಕೊಟ್ಟರು. ಬೇರೆಯವರಿಗೆ ಕೊಟ್ಟರೆ ಅವರಿಗೆ ಹೇಗನಿಸೀತು ಎಂದು ವಕೀಲರ ವಿಚಾರ. ನಾನು ಹಿಂದಿನ ದಿನ ಸಂಜೆ ಕಾಕಾನ ಅಂಗಡಿಗೆ ಹೋದಾಗ ಅವರು ಪೇಟಿ ನುಡಿಸಿ ನೋಡುತ್ತಿದ್ದರು. ಕೆಳಗಿನ ಸ್ವರಗಳು ಸರಿ ಇದ್ದವು. ಮೇಲೆ ಮೇಲೆ ಹೋದಂತೆ ಒಂದೊಂದೂ ಕೂದಲೆಳೆಯಷ್ಟು, ಕೊನೆಗೆ ಬೆರಳಗಲದಷ್ಟು ಏರಿದ್ದವು. ನನ್ನ ಹಲ್ಲು ಜುಮ್ಮೆಂದಿತು. ಅವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಆ ಪಟ್ಟಿಗಳನ್ನೆಲ್ಲ ಕೆರೆದು ಆಗಿತ್ತು.

"ಹೆಂಗದ?" ಅಂದರು.

ಇಷ್ಟು ದಿನ ಇಲ್ಲದ್ದು ಈಗೇನು ಹೇಳುವುದು? ಇದನ್ನು ಹೇಳಿದರೆ ಅದನ್ನೂ ಹೇಳಬೇಕಾಗುತ್ತಿತ್ತು. "ಬರೋಬರಿ ಕಾಕಾ" ಎಂದೆ.

ಮರುದಿನ ಸಂಜೆ ವಕೀಲರ ಮನೆಯ ಪಡಸಾಲೆ ತುಂಬಿತ್ತು. ಕಾಕಾ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಅಂಗಿ, ಹೊಸ ಟೊಪ್ಪಿಗೆ. ನಾನು ಅವರ ಹಿಂದೆ. ಗಾಯಕರು ಮಧ್ಯಮದವರೆಗೆ ಹಾಡಿದರು. ಮೇಲಕ್ಕೆ ಏರಿದಾಗ ಪೇಟಿಯೂ ಅವರ ದನಿಯೂ ಒಂದಕ್ಕೊಂದು ತಿಕ್ಕಿದವು. ಅವರು ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಏರಿದರು. ಮತ್ತೆ ಹಾಗೇ. ಹಾಡು ನಿಲ್ಲಿಸಿ, ಪೇಟಿಯ ಕಡೆ ಕೈ ಮಾಡಿ, "ಹೀ ಪೇಟಿ ಕೋಣೀ ಲಾವಲೀ?" ಎಂದು ಕೇಳಿದರು. ಈ ಪೇಟಿಗೆ ಸ್ವರ ಕೂಡಿಸಿದವರು ಯಾರು ಎಂದು.

ಪಡಸಾಲೆಯ ಕಣ್ಣುಗಳೆಲ್ಲ ಮುಂದಿನ ಸಾಲಿಗೆ ಹೋದವು.

ಕಾಕಾಗೆ ಮಾತು ಕೇಳಿರಲಿಲ್ಲ. ಗಾಯಕರು ಹಾಡು ನಿಲ್ಲಿಸಿ ಪೇಟಿಯ ಕಡೆ ಕೈ ಮಾಡಿದ್ದು ಕಂಡಿತ್ತು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡಿತ್ತು. ಅವರು ಎದ್ದು ನಿಂತರು. ಟೊಪ್ಪಿಗೆ ಸರಿಮಾಡಿಕೊಂಡು ಗಾಯಕರಿಗೆ ಕೈ ಮುಗಿದರು. ಆಮೇಲೆ ಸಭೆಯ ಕಡೆ ತಿರುಗಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕೈ ಮುಗಿದರು. ಮುಖದ ತುಂಬ ನಗು. ಮೆಚ್ಚಿಗೆ ಎಂದು ತಿಳಿದಿದ್ದರು.

ಯಾರೋ ಹಿಂದೆ ಕಿಸಕ್ಕೆಂದರು. ವಕೀಲರು ತಲೆ ತಗ್ಗಿಸಿದರು. ನಾನು ಕೈ ಚಾಚಿ ಅವರ ಅಂಗಿ ಜಗ್ಗಿ ಕೂಡಿಸಬಹುದಾಗಿತ್ತು, ಅವರ ಅಂಗಿಯ ತುದಿ ನನ್ನಿಂದ ಗೇಣು ದೂರದಲ್ಲಿತ್ತು. ಕೂಡಿಸಲಿಲ್ಲ. ನಗು ಅವರ ಮುಖದಿಂದ ತಾನಾಗಿಯೇ ಸ್ವಲ್ಪ ಸ್ವಲ್ಪ ಇಳಿಯುವವರೆಗೆ ಅವರು ನಿಂತೇ ಇದ್ದರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೊನೆಗೆ ನನ್ನ ಮುಖ ನೋಡಿದರು. ನಾನು ಕಣ್ಣು ಕೆಳಗೆ ಮಾಡಿದೆ. ಆಗ ಕೂತರು.

ಗಾಯಕರು ಪೇಟಿಯಿಲ್ಲದೆ, ಬರೀ ತಂಬೂರಿಯ ಮೇಲೆ ಉಳಿದದ್ದನ್ನು ಹಾಡಿದರು. ಕಾಕಾ ಮುಗಿಯುವವರೆಗೆ ಕೂತಿದ್ದು ಹೋದರು.

ಮುಂದಿನ ರವಿವಾರ ಅವರು ವಖಾರಿಗೆ ಬರಲಿಲ್ಲ. ನಾನು ಅಂಗಡಿಯ ಕಡೆ ಹೋಗಲಿಲ್ಲ. ಎರಡು ತಿಂಗಳಿಗೆ ಅಂಗಡಿ ಮುಚ್ಚಿ ಅಕ್ಕಲಕೋಟೆಗೆ, ಹೆಂಡತಿಯ ತವರು ಮನೆಗೆ ಹೋದರೆಂದು ವಕೀಲರು ಹೇಳಿದರು. ಗಾಡಿಯನ್ನು ಹಳೆ ಕಬ್ಬಿಣ ಕೊಳ್ಳುವ ಮೋಡಕಿಯವನು ಒಯ್ದಿದ್ದ. ನಾನೂ ಆಮೇಲೆ ವಖಾರಿಗೆ ಹೋಗುವುದು ಬಿಟ್ಟೆ. ಲಗ್ನವಾಯಿತು. ಗಾದಿಯ ಮೇಲೆ ಕೂತೆ.

ಎರಡು ವರ್ಷದ ಮೇಲೆ ವ್ಯಾಪಾರದ ಕೆಲಸಕ್ಕೆ ಅಕ್ಕಲಕೋಟೆಗೆ ಹೋದಾಗ ಅವರ ಮನೆ ಹುಡುಕಿಕೊಂಡು ಹೋದೆ. ಬಸ್ಸಿನಲ್ಲಿ ವಳಸಂಗದ ಏರು ಬಂದಾಗ ಹೇಳಿಯೇ ಬಿಡಬೇಕೆಂದು ನಿಶ್ಚಯ ಮಾಡಿದ್ದೆ. ಮಧ್ಯಾಹ್ನದ ಹೊತ್ತು. ಸಣ್ಣ ಓಣಿ, ಬಾಗಿಲಿಗೆ ಹತ್ತಿದ ಕಟ್ಟೆ. ಕಾಕಾ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು. ನಾನು ಎದುರಿಗೆ ಹೋಗಿ ನಿಲ್ಲುವವರೆಗೆ ಅವರಿಗೆ ತಿಳಿಯಲಿಲ್ಲ. ಕಂಡೊಡನೆ ಎರಡೂ ಕೈ ಹಿಡಿದು ಹತ್ತಿರ ಕೂಡಿಸಿಕೊಂಡರು.

ಕಾಕು ನೀರು ತಂದು ಕೊಟ್ಟು ಬಾಗಿಲಲ್ಲಿ ನಿಂತರು. "ಈಗ ಎರಡೂ ಹೋಗ್ಯಾವಪಾ. ಕಡೀಕ ಮಿರಜಕ ಕರಕೊಂಡ ಹೋಗಿದ್ದೆ. ಒಂದ ವರ್ಷ ಮೊದಲ ಬಂದಿದ್ರ ಬಲಗಿವೀನರೆ ಉಳೀತಿತ್ತು ಅಂದ್ರು. ಜೋರಾಗಿ ಒದರಿದ್ರ ಒಂದೀಟು ಕೇಳಸ್ತದ" ಅಂದರು. ಅದರಲ್ಲಿ ದೂರು ಇರಲಿಲ್ಲ. ಊರ ಸುದ್ದಿ ಹೇಳಿದ ಹಾಗೆ ಹೇಳಿದರು.

ನಾನು ಕಾಕಾನ ಕಡೆ ಬಾಗಿ, "ಕಾಕಾ, ಅವತ್ತ ದಾರ್ಯಾಗ ನನಗ ಸಪ್ಪಳ ಕೇಳಿತ್ತು. ಸುಳ್ಳ ಹೇಳಿದೆ. ಎರಡೂ ಸಲ ಸುಳ್ಳ ಹೇಳಿದೆ" ಎಂದೆ.

ಅವರು ಕಿವಿಯ ಹಿಂದೆ ಅಂಗೈ ಹಿಡಿದು, "ಆಂ? ಜೋರಾಗಿ ಹೇಳು" ಅಂದರು.

ಓಣಿಯಲ್ಲಿ ಎದುರು ಮನೆಯ ಹೆಂಗಸರು ಹಪ್ಪಳ ಒಣಗಿಸುತ್ತಿದ್ದರು. ಮಗ್ಗುಲ ಕಟ್ಟೆಯ ಮೇಲೆ ಇಬ್ಬರು ಇಸ್ಪೀಟ್ ಆಡುತ್ತಿದ್ದರು. ನಾನು ಬಾಯಿ ತೆರೆದೆ. ದನಿ ಏಳಲಿಲ್ಲ. ಮತ್ತೆ ಅಷ್ಟೇ ಸಣ್ಣಗೆ, "ಕೇಳಿತ್ತು ಕಾಕಾ" ಎಂದೆ.

ಕಾಕಾ ಬಾಗಿಲ ಕಡೆ ತಿರುಗಿ ಹೆಂಡತಿಗೆ, "ಏನಂತಾನ?" ಎಂದು ಕೇಳಿದರು.

ಕಾಕುಗೆ ಎಲ್ಲ ಕೇಳಿತ್ತು. ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಬಾಗಿಲ ಚೌಕಟ್ಟು ಹಿಡಿದ ಕೈ ಬಿಗಿಯಾಗಿತ್ತು. ಅವರು ನನ್ನನ್ನು ಎಷ್ಟು ಹೊತ್ತು ನೋಡಿದರೋ ಗೊತ್ತಿಲ್ಲ. ಆಮೇಲೆ ಗಂಡನ ಹತ್ತಿರ ಬಂದು ಬಾಗಿ, ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿದರು: "ಗಾಡಿ ನೆನಪಾಗ್ತದಂತ ಅವಗ!"

ಕಾಕಾನ ಮುಖ ಅರಳಿತು. ಮೊರ ಪಕ್ಕಕ್ಕಿಟ್ಟು ನನ್ನ ಬೆನ್ನ ಮೇಲೆ ಕೈ ಆಡಿಸುತ್ತಾ, ಕಿವುಡರು ಮಾತಾಡುವ ಹಾಗೆ ಗಟ್ಟಿಯಾಗಿ, "ಅವತ್ತ ಎಷ್ಟ ಛಂದ ಹೊಡದಿ ಮಗನ! ಅಂಥಾ ಗಾಡಿ, ಹೊಡದ್ರ ಹಂಗ ಹೊಡೀಬೇಕು" ಅಂದರು.

ಕಾಕು ಒಳಗೆ ಹೋಗಿ ಚಹಾ ತಂದರು. ಬಶಿಯನ್ನು ನನ್ನ ಕೈಗೆ ಕೊಡುವಾಗ, ಗಂಡನಿಗೆ ಕೇಳದಷ್ಟೇ ದನಿಯಲ್ಲಿ, "ಕುಡದು ಹೋಗು. ಮತ್ತ ಬರಬ್ಯಾಡ" ಎಂದರು.

ನಾನು ಚಹಾ ಕುಡಿದು ಬಂದೆ. ಮತ್ತೆ ಹೋಗಲಿಲ್ಲ.